ಒಂದು ಜೋಗುಳದ ಊರಿನಲ್ಲಿ

ಅಮೆರಿಕದ ಅಟ್ಲಾಂಟಾ ನಗರದಲ್ಲಿ ನೆಲೆಸಿರುವ ನಮ್ಮ ಮಗಳಿಗೆ ಹೆಣ್ಣುಮಗು ಹುಟ್ಟಿದ ಸಂದರ್ಭದಲ್ಲಿ, ಬಾಣಂತನದ ನಿಮಿತ್ತ 2024ರ ಬೇಸಗೆಯ ನಾಲ್ಕು ತಿಂಗಳುಗಳನ್ನು ನಾವು ದಂಪತಿಗಳು ಆ ದೇಶದಲ್ಲಿ ಕಳೆದೆವು. ಕಾಸರಗೋಡು ಸೀಮೆಯ ಒಂದು ಹಳ್ಳಿಯಿಂದ ಹೊರಟು ಅಷ್ಟು ದೂರ ಹೋದವರಿಗೆ ನೋಡತಕ್ಕ ಸ್ಥಳಗಳಿಗೇನೂ ಕೊರತೆಯಿರಲಿಲ್ಲ. ಆದರೆ ನಯಾಗರ ಜಲಪಾತವನ್ನಾಗಲಿ ನ್ಯೂಯಾರ್ಕಿನ ಮುಗಿಲುಮುಟ್ಟುವ ಕಟ್ಟಡಗಳನ್ನಾಗಲಿ ಕುರಿತು ಬರೆಯುವುದು ನಮ್ಮ ಉದ್ದೇಶವಲ್ಲ. ಅವುಗಳನ್ನು ವರ್ಣಿಸಿದ ಪ್ರವಾಸಕಥನಗಳು ಕನ್ನಡದಲ್ಲಿ ಬೇಕಾದಷ್ಟಿವೆ. ನಾವಿಲ್ಲಿ ನಿವೇದಿಸಹೊರಟಿರುವುದು ಒಂದು ಹಾಡಿನ ಜಾಡು ಹಿಡಿದು ಕೈಗೊಂಡ ಮೂರು ದಿನಗಳ ಸಣ್ಣ ಪ್ರಯಾಣವನ್ನು.

ಒಂದು ಸಂಜೆ ಮಗಳು ಶಿಶುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇಂಗ್ಲಿಷಿನ ಹಾಡೊಂದನ್ನು ಮೆಲುದನಿಯಲ್ಲಿ ಹಾಡುತ್ತಿದ್ದಳು. ಒಳಗಿನಿಂದ ಬಂದ ನಮ್ಮ ಮನೆಯವರು ಕ್ಷಣಕಾಲ ನಿಂತು ಕೇಳಿ, “ನಮ್ಮ ಜೋಗುಳ ನಿನಗೆ ಮರೆತುಹೋಯಿತೇ?” ಎಂದರು. ಮಗಳು, “ಮೊದಲ ಎರಡು ಸಾಲು ಬಿಟ್ಟರೆ ಅದು ನನಗೆ ಬರುವುದಿಲ್ಲಮ್ಮ. ಇದು ಪೂರ್ತಿ ಬರುತ್ತದೆ. ಇದೂ ಜೋಗುಳವೇ” ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ರಾತ್ರಿ ನಮಗಿಬ್ಬರಿಗೂ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಮರುದಿನ ಆ ಹಾಡಿನ ಕುರಿತು ವಿಚಾರಿಸಿದೆವು. ಅದರ ಹೆಸರು ‘ಸಮ್ಮರ್‌ಟೈಮ್’, ಎಂದರೆ ಬೇಸಗೆಯ ಕಾಲ. 1934ರಲ್ಲಿ ಜಾರ್ಜ್ ಗರ್ಶ್ವಿನ್ ಎಂಬ ಸಂಗೀತಕಾರನು ‘ಪೋರ್ಗಿ ಅಂಡ್ ಬೆಸ್’ ಎಂಬ ಗೀತನಾಟಕಕ್ಕಾಗಿ ರಚಿಸಿದ ಈ ಹಾಡು ಇಂದು ಜಗತ್ತಿನ ಜಾಝ್ ಸಂಗೀತಗಾರರೆಲ್ಲರ ಸೊತ್ತಾಗಿದೆ. ಅದರ ಕಥೆ ನಡೆಯುವ ಊರು ನೆರೆಯ ದಕ್ಷಿಣ ಕೆರೊಲೈನಾ ರಾಜ್ಯದ ಕಡಲತೀರದಲ್ಲಿರುವ ಚಾರ್ಲ್ಸ್‌ಟನ್. ಅಟ್ಲಾಂಟಾದಿಂದ ಅಲ್ಲಿಗೆ ಸುಮಾರು 300 ಮೈಲಿ. “ಮಗುವಿಗೆ ಮೂರು ತಿಂಗಳು ತುಂಬಲಿ, ಹೋಗಿಬರೋಣ” ಎಂದು ಮಗಳೇ ಸೂಚಿಸಿದಳು. ಹಾಗೆ ಆಗಸ್ಟ್ ತಿಂಗಳ ಒಂದು ಶುಕ್ರವಾರ ಮುಂಜಾನೆ, ತೊಟ್ಟಿಲ ಕೂಸಿನೊಡನೆ ನಾವು ಹೊರಟೆವು.

ಕೊಲಂಬಿಯಾ ನಗರವನ್ನು ದಾಟಿ ಪೂರ್ವಕ್ಕೆ ಇಳಿದಂತೆ ನೆಲ ಸಮತಟ್ಟಾಗುತ್ತದೆ, ಗಾಳಿಯಲ್ಲಿ ಉಪ್ಪಿನ ವಾಸನೆ ಸೇರಿಕೊಳ್ಳುತ್ತದೆ. ಕಾರಿನಿಂದಿಳಿದ ಕೂಡಲೆ ಬೆವರು ಧಾರೆಯಾಗಿ ಇಳಿಯಿತು. ಅಲ್ಲಿಯವರು ಈ ಸೆಕೆಯನ್ನು ದೂರುತ್ತಿದ್ದರೆ ನಮಗೆ ಮಾತ್ರ ಊರಿಗೆ ಬಂದಂತಾಯಿತು. ಒಂದು ಕಡೆ ಆಶ್ಲಿ, ಇನ್ನೊಂದು ಕಡೆ ಕೂಪರ್ ಎಂಬ ಎರಡು ನದಿಗಳು ಕಡಲು ಸೇರುವಲ್ಲಿ ನಾಲಿಗೆಯಂತೆ ಚಾಚಿಕೊಂಡ ಭೂಮಿಯ ಮೇಲೆ ಈ ನಗರವಿದೆ. ಸುತ್ತಲೂ ಉಬ್ಬರವಿಳಿತಕ್ಕೆ ತುಂಬಿ ಬತ್ತುವ ಹಿನ್ನೀರು, ಜೌಗು, ದ್ವೀಪಗಳು. ಚಂದ್ರಗಿರಿ ಹೊಳೆಯ ಅಳಿವೆಯನ್ನು ನೋಡಿ ಬೆಳೆದ ಕಣ್ಣಿಗೆ ಅದು ತೀರ ಅಪರಿಚಿತವಾಗಿ ಕಾಣಲಿಲ್ಲ.

ಚಾರ್ಲ್ಸ್‌ಟನ್ 1670ರಲ್ಲಿ ಆಂಗ್ಲರು ಸ್ಥಾಪಿಸಿದ ಊರು. ಅದರ ಐಶ್ವರ್ಯಕ್ಕೆ ಮೂಲ ಭತ್ತ. ಈ ಜೌಗುನೆಲದಲ್ಲಿ ಕಟ್ಟೆ ಕಟ್ಟಿ, ತೂಬು ಇಟ್ಟು, ನೀರನ್ನು ಪಳಗಿಸಿ ಭತ್ತ ಬೆಳೆದವರು ಮಾತ್ರ ಆಂಗ್ಲರಲ್ಲ. ಪಶ್ಚಿಮ ಆಫ್ರಿಕದ ಭತ್ತ ಬೆಳೆಯುವ ಸೀಮೆಗಳಿಂದ ಹಡಗುಗಳಲ್ಲಿ ತುಂಬಿ ತಂದ ದಾಸರು ಅವರು. ಉತ್ತರ ಅಮೆರಿಕಕ್ಕೆ ಸೆರೆಯಾಳುಗಳಾಗಿ ಬಂದ ಆಫ್ರಿಕನ್ನರಲ್ಲಿ ಸುಮಾರು ಶೇಕಡಾ 40ರಷ್ಟು ಮಂದಿ ಈ ಬಂದರಿನ ಮೂಲಕವೇ ಬಂದರೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಅವರನ್ನು ಇಳಿಸಿಕೊಳ್ಳುತ್ತಿದ್ದ ಗ್ಯಾಡ್ಸ್‌ಡೆನ್ ಧಕ್ಕೆಯ ಜಾಗದಲ್ಲಿ 2023ರಲ್ಲಿ ಆಫ್ರಿಕನ್ ಅಮೆರಿಕನ್ನರ ಇತಿಹಾಸದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದಿದೆ. ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗಿನ ನೆಲವನ್ನು ಬಯಲಾಗಿ ಬಿಟ್ಟಿದ್ದಾರೆ. ಆ ನೆಲದ ಮೇಲೆ ನಿಂತಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಸುತ್ತಣ ದ್ವೀಪಗಳ ಭತ್ತದ ಗದ್ದೆಗಳಲ್ಲಿ ಮಲೇರಿಯಾ ಹೆಚ್ಚು. ಬೇಸಗೆ ಬಂತೆಂದರೆ ಬಿಳಿಯ ಒಡೆಯರು ಊರು ಬಿಟ್ಟು ಹೋಗುತ್ತಿದ್ದರು. ಹೀಗೆ ತಮ್ಮಷ್ಟಕ್ಕೆ ಉಳಿದ ಜನರ ನಡುವೆ, ಹಲವು ಆಫ್ರಿಕನ್ ಭಾಷೆಗಳ ಸತ್ತ್ವವೂ ಇಂಗ್ಲಿಷಿನ ಪದಗಳೂ ಬೆರೆತು ಒಂದು ಹೊಸ ನುಡಿ ಹುಟ್ಟಿತು. ಅದಕ್ಕೆ ಗಲ್ಲಾ ಎಂದು ಹೆಸರು. ಆಡುವವರಿಗೂ ಅದೇ ಹೆಸರು. ಸಮ್ಮರ್‌ಟೈಮ್ ಹಾಡಿನ ಹಿಂದೆ ಇರುವುದು ಈ ಜನರ ಬಾಳು.

ಎರಡನೆಯ ದಿನ ಬೆಳಿಗ್ಗೆ ಚರ್ಚ್ ಸ್ಟ್ರೀಟ್ ಎಂಬ ಹಳೆಯ ಬೀದಿಗೆ ಹೋದೆವು. 87ನೆಯ ಸಂಖ್ಯೆಯ ಮನೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿಮಾಡಿದ ಥಾಮಸ್ ಹೇವರ್ಡ್ ಎಂಬುವರದು. 1791ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ತಂಗಿದ್ದುದು ಅಲ್ಲಿಯೇ. ಅದಕ್ಕೆ ತಾಗಿಕೊಂಡಂತೆ 89 ಮತ್ತು 91ನೆಯ ಸಂಖ್ಯೆಯ ಜೋಡಿ ಕಟ್ಟಡವಿದೆ. ಮೂರು ಅಂತಸ್ತು, ನಡುವೆ ಅಂಗಳಕ್ಕೆ ಹೋಗುವ ಕಮಾನಿನ ಓಣಿ. ಇದರ ಹೆಸರು ‘ಕ್ಯಾಬೇಜ್ ರೋ’. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದು ಬಡ ಗಲ್ಲಾ ಕುಟುಂಬಗಳು ಒತ್ತೊತ್ತಾಗಿ ಬಾಳುತ್ತಿದ್ದ ವಠಾರವಾಗಿತ್ತು. ಕಿಟಕಿಯ ದಂಡೆಗಳ ಮೇಲೆ ಕೋಸು ಮೊದಲಾದ ತರಕಾರಿಗಳನ್ನಿಟ್ಟು ಮಾರುತ್ತಿದ್ದುದರಿಂದ ಆ ಹೆಸರು ಬಂದಿತು. ಈಗ ಅಲ್ಲಿ ಗೋಡೆಗಳಿಗೆ ನಯವಾದ ಬಣ್ಣ, ಕೆಳಗೆ ಅಂಗಡಿಗಳು. ಆ ಕುಟುಂಬಗಳು ಮಾತ್ರ ಇಲ್ಲ.

ಇದೇ ಬೀದಿಯ 76ನೆಯ ಮನೆಯಲ್ಲಿ ಡ್ಯೂಬೋಸ್ ಹೇವರ್ಡ್ ಎಂಬ ಲೇಖಕನು ಕೆಲಕಾಲ ವಾಸಿಸಿದ್ದನು. 1885ರಲ್ಲಿ ಜನಿಸಿದ ಇವನು ಆ ಸಹಿಮಾಡಿದ ಹೇವರ್ಡರ ವಂಶಜನೇ. ಆದರೆ ಮನೆತನದ ಸಿರಿ ಕರಗಿಹೋಗಿತ್ತು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಪೋಲಿಯೋ ರೋಗಕ್ಕೆ ತುತ್ತಾಗಿ, ಬಂದರಿನ ಹತ್ತಿ ಗೋದಾಮಿನಲ್ಲಿ ದುಡಿದು, ಮುಂದೆ ವಿಮಾ ವ್ಯಾಪಾರ ನಡೆಸಿದವನು. ಧಕ್ಕೆಯ ಕೂಲಿಗಳ ನಡುವೆ ಅವನ ಕಿವಿಗೆ ಗಲ್ಲಾ ಮಾತು ಬಿದ್ದಿತು. ಅವನ ತಾಯಿಯೂ ಗಲ್ಲಾ ಕಥೆಗಳನ್ನು ಸಭೆಗಳಲ್ಲಿ ಹೇಳುತ್ತಿದ್ದಳು. ಮೇಕೆ ಎಳೆಯುವ ಗಾಡಿಯಲ್ಲಿ ಕುಳಿತು ಬೀದಿಬೀದಿ ಅಲೆಯುತ್ತಿದ್ದ ಸ್ಯಾಮ್ಯುಯೆಲ್ ಸ್ಮಾಲ್ಸ್ ಎಂಬ ಅಂಗವಿಕಲ ಭಿಕ್ಷುಕನೊಬ್ಬನ ಬಂಧನದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಹೇವರ್ಡನ ಮನಸ್ಸಿನಲ್ಲಿ ಕಾದಂಬರಿಯೊಂದು ಮೊಳೆಯಿತು. ಕ್ಯಾಬೇಜ್ ರೋ ವಠಾರವನ್ನು ಕಲ್ಪನೆಯಲ್ಲಿ ಕಡಲದಂಡೆಗೆ ಸರಿಸಿ, ‘ಕ್ಯಾಟ್‌ಫಿಶ್ ರೋ’ ಎಂದು ಹೆಸರು ಬದಲಿಸಿ ಅವನು ಬರೆದ ‘ಪೋರ್ಗಿ’ ಕಾದಂಬರಿ 1925ರಲ್ಲಿ ಪ್ರಕಟವಾಯಿತು. ಪತ್ನಿ ಡೊರೊತಿಯೊಡನೆ ಸೇರಿ ಅದನ್ನು ನಾಟಕವಾಗಿಸಿದ್ದು 1927ರಲ್ಲಿ ನ್ಯೂಯಾರ್ಕಿನ ರಂಗವನ್ನೇರಿತು.

ಆ ಕಾದಂಬರಿ ಒಬ್ಬ ಓದುಗನ ನಿದ್ರೆಗೆಡಿಸಿತು. ಆತನೇ ಜಾರ್ಜ್ ಗರ್ಶ್ವಿನ್. ರಷ್ಯಾ ಚಕ್ರಾಧಿಪತ್ಯದಿಂದ ವಲಸೆ ಬಂದ ಯೆಹೂದಿ ದಂಪತಿಗಳ ಮಗನಾಗಿ 1898ರಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿದವನು. ಇಪ್ಪತ್ತೈದರ ಪ್ರಾಯದಲ್ಲಿಯೇ ‘ರಾಪ್ಸೊಡಿ ಇನ್ ಬ್ಲೂ’ ಎಂಬ ರಚನೆಯಿಂದ ಪ್ರಖ್ಯಾತನಾದವನು. ಪೋರ್ಗಿಯ ಕಥೆಯನ್ನು ಗೀತನಾಟಕವಾಗಿಸಬೇಕೆಂಬ ಅವನ ಆಸೆ ಕೈಗೂಡಲು ಏಳೆಂಟು ವರ್ಷಗಳು ಬೇಕಾದವು. ಹೇವರ್ಡನು ಚಾರ್ಲ್ಸ್‌ಟನ್ನಿನಿಂದ ಪದ್ಯಗಳನ್ನು ಅಂಚೆಯಲ್ಲಿ ಕಳುಹಿಸುವುದು, ಗರ್ಶ್ವಿನ್ ನ್ಯೂಯಾರ್ಕಿನಲ್ಲಿ ಸ್ವರ ಹಾಕುವುದು, ಹೀಗೆ ಕೆಲಸ ನಡೆಯಿತು. ಮೊದಲು ಸಿದ್ಧವಾದುದು ನಾಟಕದ ಮೊದಲ ಹಾಡು, ಸಮ್ಮರ್‌ಟೈಮ್. 1934ರ ಫೆಬ್ರವರಿಯ ಹೊತ್ತಿಗೆ ಅದು ರೂಪುಗೊಂಡಿತ್ತು.

ಊರಿನ ಕೆಲವರು ಪ್ರವಾಸಿಗರಿಗೆ, ಹಾಡು ಹುಟ್ಟಿದುದು ಇಲ್ಲಿಯ ಕಡಲದಂಡೆಯಲ್ಲಿ ಎಂದು ಹೇಳುವುದುಂಟು. ನಮ್ಮೊಡನೆಯೂ ಒಬ್ಬರು ಹಾಗೆಂದರು. ಕಾಲಕ್ರಮವನ್ನು ನೋಡಿದರೆ ಅದು ಸರಿಹೋಗುವುದಿಲ್ಲ. ಗರ್ಶ್ವಿನ್ ತನ್ನ ಬಂಧು, ಚಿತ್ರಕಾರ ಹೆನ್ರಿ ಬಾಟ್‌ಕಿನ್ ಜೊತೆಗೆ ಇಲ್ಲಿಗೆ ಬಂದು ಬಿಡಾರ ಹೂಡಿದುದು 1934ರ ಜೂನ್ ತಿಂಗಳಲ್ಲಿ, ಜೋಗುಳ ಸಿದ್ಧವಾದ ಮೇಲೆ. ಅದಕ್ಕೆ ಮುಂಚೆ ಒಂದೆರಡು ಬಾರಿ ದಾರಿಯ ನಡುವೆ ಅಲ್ಪಕಾಲ ಇಳಿದಿದ್ದನಷ್ಟೆ.

ಆ ಬಿಡಾರದ ಸ್ಥಳವನ್ನು ನೋಡಲೆಂದು ಮಧ್ಯಾಹ್ನ ಫಾಲಿ ಬೀಚಿಗೆ ಹೋದೆವು. ನಗರದಿಂದ ಸುಮಾರು 11 ಮೈಲಿ. ನಡುವೆ ಜೇಮ್ಸ್ ಐಲೆಂಡ್ ಎಂಬ ದ್ವೀಪವನ್ನು ದಾಟಬೇಕು. ಫಾಲಿ ಉದ್ದನೆಯ ಮರಳುದ್ವೀಪ. ಅದರ ಪೂರ್ವದ ಕೊನೆಯಲ್ಲಿ ನಿಂತರೆ, ಕಡಲು ಸುತ್ತುವರಿದು ಒಂಟಿಯಾಗಿ ನಿಂತ ಮಾರಿಸ್ ಐಲೆಂಡಿನ ಹಳೆಯ ದೀಪಸ್ತಂಭ ಕಾಣುತ್ತದೆ. ಗರ್ಶ್ವಿನ್ ಬಾಡಿಗೆಗೆ ಹಿಡಿದುದು ವೆಸ್ಟ್ ಆರ್ಕ್ಟಿಕ್ ಅವೆನ್ಯೂವಿನ ಸಾಮಾನ್ಯ ಮರದ ಮನೆಯೊಂದನ್ನು. ನ್ಯೂಯಾರ್ಕಿನ ವೈಭವದ ಬಾಳಿಗೆ ಒಗ್ಗಿದವನು ಅಲ್ಲಿ ಸುಮಾರು ಐದು ವಾರ, ಸೊಳ್ಳೆ ಸೆಕೆಗಳ ನಡುವೆ, ಪಿಯಾನೋ ಒಂದನ್ನು ತರಿಸಿಕೊಂಡು ದುಡಿದನು. ಈಗ ಆ ಸಾಲಿನಲ್ಲಿ ಎತ್ತರದ ಕಂಬಗಳ ಮೇಲೆ ನಿಂತ ಹೊಸ ಮನೆಗಳಿವೆ. ಬಿಸಿಲಿಗೆ ಮೈಯೊಡ್ಡಿ ಮಲಗಿದವರ ನಡುವೆ ಕೊಡೆ ಹಿಡಿದು ನಡೆದ ನಮ್ಮನ್ನು ಕಂಡು ಮಕ್ಕಳು ನಕ್ಕವು.

ಸಂಜೆಗಳಲ್ಲಿ ಹೇವರ್ಡನು ಗರ್ಶ್ವಿನ್ನನನ್ನು ಜೇಮ್ಸ್ ಐಲೆಂಡಿನ ಗಲ್ಲಾ ಪ್ರಾರ್ಥನಾ ಕೂಟಗಳಿಗೆ ಕರೆದೊಯ್ಯುತ್ತಿದ್ದನು. ಕೈತಾಳ, ಕಾಲ್ತಾಳಗಳ ಜಟಿಲವಾದ ಲಯದೊಡನೆ ಹಾಡುವ ‘ಷೌಟಿಂಗ್’ ಎಂಬ ಪದ್ಧತಿ ಅವರಲ್ಲಿ ಆಫ್ರಿಕದಿಂದ ಉಳಿದು ಬಂದುದು. ಒಂದು ರಾತ್ರಿ ಗರ್ಶ್ವಿನ್ ತಾನೂ ಎದ್ದು ಅವರೊಡನೆ ಸೇರಿ, ಅಲ್ಲಿಯ ನುರಿತ ಹಾಡುಗಾರನನ್ನೂ ಮೀರಿಸುವಂತೆ ಲಯ ಹಿಡಿದನೆಂದು ಹೇವರ್ಡನು 1935ರಲ್ಲಿ ಬರೆದಿದ್ದಾನೆ. ಆದರೂ ಗರ್ಶ್ವಿನ್ ಅವರ ಯಾವ ಹಾಡನ್ನೂ ಎತ್ತಿಕೊಳ್ಳಲಿಲ್ಲ. ಇಡೀ ನಾಟಕ ಒಂದೇ ಎರಕದಲ್ಲಿರಲೆಂದು, ಜನಪದದ ಧಾಟಿಯ ಹಾಡುಗಳನ್ನೂ ತಾನೇ ರಚಿಸಿದುದಾಗಿ ಅವನು ಹೇಳಿಕೊಂಡಿದ್ದಾನೆ. ಸಮ್ಮರ್‌ಟೈಮ್ ಗಲ್ಲಾ ಜನರ ಬಾಳನ್ನು ಕುರಿತ ಹಾಡು, ಆದರೆ ಗಲ್ಲಾ ತಾಯಂದಿರು ಹಾಡುತ್ತಿದ್ದ ಹಾಡಲ್ಲ.

ಹಾಡು ನಾಟಕದಲ್ಲಿ ಎಲ್ಲಿ ಬರುತ್ತದೆಂಬುದನ್ನು ತಿಳಿಯದೆ ಅದರ ತಿರುಳು ತಿಳಿಯುವುದಿಲ್ಲ. ತೆರೆ ಸರಿದಾಗ ಕ್ಯಾಟ್‌ಫಿಶ್ ರೋ ವಠಾರದಲ್ಲಿ ಸಂಜೆ. ಬೆಸ್ತನಾದ ಜೇಕನ ಹೆಂಡತಿ ಕ್ಲಾರಾ ತನ್ನ ಮಗುವನ್ನು ತೂಗುತ್ತ ಹಾಡುತ್ತಾಳೆ. ಬೇಸಗೆಯ ನಿಶ್ಚಿಂತೆಯನ್ನೂ, ತಂದೆಯ ಸಿರಿಯನ್ನೂ, ಹೆತ್ತವರ ಕಾವಲನ್ನೂ ಮಗುವಿಗೆ ಬಣ್ಣಿಸುತ್ತಾಳೆ. ನಿಜಕ್ಕೆ ಆ ತಂದೆ ಬಡವ. ಎರಡನೆಯ ಅಂಕದಲ್ಲಿ ಜೇಕ್ ಕಡಲಿಗೆ ಹೋಗಿರುವಾಗ ಬಿರುಗಾಳಿ ಏಳುತ್ತದೆ. ಗುಡುಗು ಮಳೆಯ ನಡುವೆ ಕ್ಲಾರಾ ಅದೇ ಹಾಡನ್ನು ಮತ್ತೆ ಹಾಡುತ್ತಾಳೆ. ಗಂಡನ ದೋಣಿ ಮಗುಚಿದುದನ್ನು ಕಂಡು, ಮಗುವನ್ನು ಬೆಸ್ ಎಂಬಾಕೆಯ ಕೈಗಿತ್ತು ಹೊರಗೆ ಓಡುತ್ತಾಳೆ. ಇಬ್ಬರೂ ಮರಳುವುದಿಲ್ಲ. ಮೂರನೆಯ ಅಂಕದಲ್ಲಿ ಆ ತಬ್ಬಲಿಗೆ ಅದೇ ಜೋಗುಳವನ್ನು ಹಾಡುವವಳು ಬೆಸ್, ವಠಾರದವರು ಕೆಟ್ಟವಳೆಂದು ದೂರವಿಟ್ಟಿದ್ದ ಹೆಣ್ಣು. ಹಾಡು ಕೊಟ್ಟ ಮಾತನ್ನು ತಂದೆತಾಯಿಗಳು ಉಳಿಸಲಾರದೆ ಹೋದರು. ಮಗುವಿಗೆ ದಕ್ಕಿದುದು ಹಾಡು ಮಾತ್ರ. ಮಗಳು ಕಡಲದಂಡೆಯ ಕಲ್ಲಿನ ಮೇಲೆ ಕುಳಿತು ಈ ಕಥೆ ಹೇಳುತ್ತಿದ್ದಾಗ ನಮ್ಮ ಮನೆಯವರು ಮೊಮ್ಮಗಳನ್ನು ಸೆರಗಿನಿಂದ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು.

1935ರ ಸೆಪ್ಟೆಂಬರ್ 30ರಂದು ಬಾಸ್ಟನ್ನಿನಲ್ಲಿಯೂ ಅಕ್ಟೋಬರ್ 10ರಂದು ನ್ಯೂಯಾರ್ಕಿನಲ್ಲಿಯೂ ಗೀತನಾಟಕ ಪ್ರದರ್ಶಿತವಾಯಿತು. ಕ್ಲಾರಾ ಆಗಿ ಜೋಗುಳವನ್ನು ಮೊದಲು ಹಾಡಿದವಳು ಆಬಿ ಮಿಚೆಲ್. ಪೋರ್ಗಿ ಮತ್ತು ಬೆಸ್ ಪಾತ್ರಗಳಲ್ಲಿ ಟಾಡ್ ಡಂಕನ್, ಆನ್ ಬ್ರೌನ್. ಕಪ್ಪುವರ್ಣೀಯರ ಪಾತ್ರಗಳನ್ನು ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಆ ದಿನಗಳಲ್ಲಿ, ಈ ಪಾತ್ರಗಳನ್ನು ಕಪ್ಪುವರ್ಣೀಯರೇ ಹಾಡಬೇಕೆಂದು ಗರ್ಶ್ವಿನ್ ಪಟ್ಟು ಹಿಡಿದಿದ್ದನು. ನ್ಯೂಯಾರ್ಕಿನಲ್ಲಿ ನಡೆದುದು 124 ಪ್ರದರ್ಶನಗಳು. ಹಾಕಿದ ಹಣ ಹಿಂದಿರುಗಲಿಲ್ಲ. 1936ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಥಿಯೇಟರಿಗೆ ತಂಡ ಹೋದಾಗ, ಪ್ರೇಕ್ಷಕರಲ್ಲಿ ವರ್ಣಭೇದ ಮಾಡುವುದಾದರೆ ತಾವು ಹಾಡುವುದಿಲ್ಲವೆಂದು ಡಂಕನ್ ಮತ್ತು ಬ್ರೌನ್ ಹಟ ಹಿಡಿದರು. ಆ ಪ್ರದರ್ಶನಗಳ ಮಟ್ಟಿಗೆ ಆಡಳಿತದವರು ಮಣಿದು ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕಾಯಿತು. ಮರುವರ್ಷ, 1937ರ ಜುಲೈ 11ರಂದು, ಮಿದುಳಿನ ಗೆಡ್ಡೆಯಿಂದ ಗರ್ಶ್ವಿನ್ ತೀರಿಕೊಂಡನು. ಅವನಿಗಾಗ 38 ವರ್ಷ.

ನಾಟಕ ಸೋತರೂ ಹಾಡು ಗೆದ್ದಿತು. ಜಾಝ್ ಸಂಗೀತದಲ್ಲಿ ‘ಸ್ಟ್ಯಾಂಡರ್ಡ್’ ಎಂದರೆ ಎಲ್ಲ ವಾದಕರಿಗೂ ಬಾಯಿಪಾಠವಾಗಿರುವ ಕೃತಿ. ನಮ್ಮ ವಿದ್ವಾಂಸರು ಒಂದೇ ಕೃತಿಯನ್ನೆತ್ತಿಕೊಂಡು ತಮ್ಮ ತಮ್ಮ ಮನೋಧರ್ಮಕ್ಕನುಸಾರ ನೆರವಲು, ಸ್ವರಕಲ್ಪನೆಗಳನ್ನು ನಡೆಸುವಂತೆಯೇ ಅವರೂ ಆ ಚೌಕಟ್ಟಿನೊಳಗೆ ಹೊಸತನ್ನು ಕಟ್ಟುತ್ತಾರೆ. 1936ರಲ್ಲಿ ಬಿಲ್ಲಿ ಹಾಲಿಡೇ ಅದನ್ನು ಹಾಡಿ ಮುದ್ರಿಸಿದಳು. 1939ರಲ್ಲಿ ಸಿಡ್ನಿ ಬೆಶೇ ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ನುಡಿಸಿದ ಮುದ್ರಿಕೆ, ಆಗತಾನೆ ಹುಟ್ಟಿದ್ದ ಬ್ಲೂ ನೋಟ್ ಸಂಸ್ಥೆಗೆ ಹೆಸರು ತಂದಿತು. ಎಲ್ಲಾ ಫಿಟ್ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆಯಾಗಿ ಹಾಡಿದುದು 1957ರಲ್ಲಿ. ಮರುವರ್ಷ ಮೈಲ್ಸ್ ಡೇವಿಸ್ ತುತ್ತೂರಿಯಲ್ಲಿ ನುಡಿಸಿದನು. ಜಾನ್ ಕೋಲ್ಟ್ರೇನ್ 1960ರಲ್ಲಿ ಅದನ್ನು ಬಿರುಗಾಳಿಯಂತೆ ನುಡಿಸಿದರೆ, ಜಾನಿಸ್ ಜಾಪ್ಲಿನ್ 1968ರಲ್ಲಿ ರಾಕ್ ಸಂಗೀತಕ್ಕೆ ಒಯ್ದಳು. ಮುದ್ರಿಕೆಗಳ ಸಂಖ್ಯೆ ಸಾವಿರಗಳನ್ನು ದಾಟಿದೆ.

ಇಷ್ಟೊಂದು ಮಂದಿಯ ಕೈಗೆ ಒಗ್ಗಲು ಕಾರಣವೇನು? ಹಾಡು ಬಹಳ ಸರಳ. ಕೆಳಗೆ ಎರಡು ಸ್ವರಮೇಳಗಳು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತವೆ. ಮೇಲಿನ ರಾಗ ಬಹುಮಟ್ಟಿಗೆ ಐದು ಸ್ವರಗಳಲ್ಲಿಯೇ ಸುಳಿಯುತ್ತದೆ. ತಕ್ಕಮಟ್ಟಿಗೆ ಸಂಗೀತ ಬಲ್ಲ ನಮ್ಮ ಮನೆಯವರು, “ಇದು ನಮ್ಮ ಶುದ್ಧ ಧನ್ಯಾಸಿಯ ನೆರೆಮನೆಯಂತಿದೆಯಲ್ಲ” ಎಂದು ಗುನುಗಿ ತೋರಿಸಿದರು. ಅದೇ ರಾಗವೆಂದಲ್ಲ, ಸ್ವರಗಳ ನೆಂಟಸ್ತಿಕೆ ಮಾತ್ರ. ಈ ಧಾಟಿಯಲ್ಲಿ ಉಕ್ರೇನಿನ ಜೋಗುಳವೊಂದರ ಛಾಯೆ ಕಾಣುವವರೂ ಇದ್ದಾರೆ. ದಾಸ್ಯದ ಕಾಲದಲ್ಲಿ ಹುಟ್ಟಿದ, ತಾಯಿಯಿಲ್ಲದ ಮಗುವಿನ ಅಳಲನ್ನು ತೋಡಿಕೊಳ್ಳುವ ಭಕ್ತಿಗೀತೆಯೊಂದರ ಹೋಲಿಕೆ ಕಾಣುವವರು ಇನ್ನೂ ಹೆಚ್ಚು. ಮಹಾಲಿಯಾ ಜಾಕ್ಸನ್ 1956ರಲ್ಲಿ ಈ ಎರಡು ಹಾಡುಗಳನ್ನು ಒಂದರೊಳಗೊಂದು ಹೆಣೆದು ಹಾಡಿದಳು. ಮಗಳು ಅದನ್ನು ನಮಗೆ ಕೇಳಿಸಿದಳು. ಮಗುವನ್ನು ತಾಯಿಯಿಂದ ಅಗಲಿಸಿ ಮಾರುತ್ತಿದ್ದ ಧಕ್ಕೆಯನ್ನು ನೋಡಿಬಂದ ಕಿವಿಗೆ ಆ ಹೆಣಿಗೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಈ ಹಾಡು ಯಾರದು? ಪದ ಬಿಳಿಯನದು, ಸ್ವರ ಯೆಹೂದಿ ವಲಸೆಗಾರರ ಮಗನದು, ಬಾಳು ಗಲ್ಲಾ ಜನರದು. ನಾಟಕವು ಬಡ ಕಪ್ಪುವರ್ಣೀಯರನ್ನು ಜೂಜುಗಾರರೂ ಮದ್ಯಪಾನಿಗಳೂ ಆಗಿ ತೋರಿಸುತ್ತದೆಂಬ ಆಕ್ಷೇಪ ಮೊದಲಿನಿಂದಲೂ ಇದೆ. ಹಾಲ್ ಜಾನ್ಸನ್ ಎಂಬ ಕಪ್ಪು ಸಂಗೀತಜ್ಞನು 1936ರಲ್ಲಿಯೇ ಕಟುವಾಗಿ ವಿಮರ್ಶಿಸಿದನು. 1959ರ ಚಲನಚಿತ್ರದಲ್ಲಿ ಪಾತ್ರ ವಹಿಸಲು ಹ್ಯಾರಿ ಬೆಲಾಫಾಂಟೆ ಒಪ್ಪಲಿಲ್ಲ. ಚಾರ್ಲ್ಸ್‌ಟನ್ ನಗರದ ವರ್ತನೆ ಇನ್ನೂ ವಿಚಿತ್ರ. ತನ್ನದೇ ಬೀದಿಯ ಕಥೆ ಲೋಕವಿಖ್ಯಾತವಾದರೂ 1954ರಲ್ಲಿ ಅಲ್ಲಿ ನಡೆಯಬೇಕಾಗಿದ್ದ ಪ್ರದರ್ಶನವೊಂದು ವರ್ಣಭೇದದ ಕಾನೂನಿನಿಂದಾಗಿ ನಿಂತುಹೋಯಿತು. ಸ್ಥಳೀಯ ಕಪ್ಪು ಕಲಾವಿದರು ತಮ್ಮ ಊರಿನಲ್ಲಿ ಅದನ್ನು ಮೊದಲ ಬಾರಿಗೆ ಆಡಿದುದು 1970ರಲ್ಲಿ, 35 ವರ್ಷಗಳ ತರುವಾಯ. 2016ರಲ್ಲಿ ಅಲ್ಲಿಯ ಸ್ಪೊಲೆಟೊ ಉತ್ಸವದವರು ಮತ್ತೆ ಆಡಿದಾಗ, ರಂಗಸಜ್ಜೆ ಉಡುಪುಗಳನ್ನು ಗಲ್ಲಾ ಮನೆತನದ ಚಿತ್ರಕಾರ ಜೊನಾಥನ್ ಗ್ರೀನ್ ರೂಪಿಸಿದನು. ಆ ಹೊತ್ತಿಗೆ ಹಾಡು ಹುಟ್ಟಿ 82 ವರ್ಷಗಳಾಗಿದ್ದವು.

ಮೂರನೆಯ ದಿನ ಹಳೆಯ ಪೇಟೆಯ ಮಾರುಕಟ್ಟೆಗೆ ಹೋದೆವು. ಅಲ್ಲಿ ಗಲ್ಲಾ ಹೆಂಗಸರು ಸ್ವೀಟ್‌ಗ್ರಾಸ್ ಎಂಬ ಹುಲ್ಲನ್ನು ಸುರುಳಿ ಸುತ್ತಿ, ತಾಳೆಯ ಗರಿಯ ಸೀಳಿನಿಂದ ಹೊಲಿದು ಬುಟ್ಟಿ ಹೆಣೆಯುತ್ತ ಕುಳಿತಿರುತ್ತಾರೆ. ಭತ್ತ ತೂರುವ ಅಗಲವಾದ ಬುಟ್ಟಿ ನಮ್ಮ ಗೆರಸೆಯ ದೂರದ ತಂಗಿಯೆನ್ನಬೇಕು. ಒಬ್ಬ ವೃದ್ಧೆಯ ಬಳಿ ಸಣ್ಣ ಬುಟ್ಟಿಯೊಂದನ್ನು ಕೊಂಡೆವು. ಆಕೆ ಮಗುವನ್ನು ನೋಡಿ ತನ್ನ ನುಡಿಯಲ್ಲಿ ಏನೋ ಮುದ್ದಿನ ಮಾತಾಡಿದಳು. ಮಗಳಿಗೂ ಅರ್ಥವಾಗಲಿಲ್ಲ. ಬಳಿಕ ಇಂಗ್ಲಿಷಿನಲ್ಲಿ ಹೇಳಿದುದರ ಸಾರಾಂಶವಿಷ್ಟು: ತಾನು ಶಾಲೆಗೆ ಹೋಗುತ್ತಿದ್ದಾಗ ಈ ಮಾತನ್ನಾಡಿದರೆ ಕೆಟ್ಟ ಇಂಗ್ಲಿಷೆಂದು ಗದರಿಸುತ್ತಿದ್ದರು. ಆ ಭಯದಿಂದ ತನ್ನ ಮಕ್ಕಳಿಗೆ ಕಲಿಸಲಿಲ್ಲ. ಈಗ ಮೊಮ್ಮಕ್ಕಳು ಕೇಳಿದರೆ ಅರ್ಥಮಾಡಿಕೊಳ್ಳುತ್ತಾರೆ, ಆಡುವುದಿಲ್ಲ. ಸಮ್ಮರ್‌ಟೈಮ್ ಹಾಡುತ್ತೀರಾ ಎಂದು ಕೇಳಿದೆವು. ಆಕೆ ನಕ್ಕು, “ಚೆಂದದ ಹಾಡು. ನಮ್ಮಮ್ಮ ಹಾಡುತ್ತಿದ್ದುದು ಬೇರೆ” ಎಂದಳು.

ಗಲ್ಲಾ ನುಡಿ ಕೆಟ್ಟ ಇಂಗ್ಲಿಷ್ ಅಲ್ಲವೆಂದು ಶಾಸ್ತ್ರೀಯವಾಗಿ ತೋರಿಸಿಕೊಟ್ಟವರು ಲೊರೆಂಜೊ ಟರ್ನರ್ ಎಂಬ ಕಪ್ಪುವರ್ಣೀಯ ವಿದ್ವಾಂಸರು. 1930ರ ದಶಕದಲ್ಲಿ ಈ ದ್ವೀಪಗಳಲ್ಲಿ ಅಲೆದು, ಆಫ್ರಿಕದ ಮೂಲದ ಸಾವಿರಾರು ಪದಗಳನ್ನೂ ಹೆಸರುಗಳನ್ನೂ ಸಂಗ್ರಹಿಸಿ 1949ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಶಾಲೆಯಲ್ಲಿ ಇಂಗ್ಲಿಷ್ ಹೆಸರು, ಮನೆಯಲ್ಲಿ ಆಫ್ರಿಕದ ಹೆಸರು, ಹೀಗೆ ಒಬ್ಬೊಬ್ಬರಿಗೆ ಎರಡೆರಡು ಹೆಸರುಗಳಿದ್ದುದನ್ನು ಅವರು ಗುರುತಿಸಿದರು. ಅದೇ ಕರಾವಳಿಯ ದಕ್ಷಿಣಕ್ಕೆ, ಜಾರ್ಜಿಯಾದ ಹ್ಯಾರಿಸ್ ನೆಕ್ ಎಂಬಲ್ಲಿ, ಅಮೀಲಿಯಾ ಡಾಲಿ ಎಂಬ ಹೆಂಗಸಿನಿಂದ ಐದು ಸಾಲಿನ ಹಾಡೊಂದನ್ನು ಧ್ವನಿಮುದ್ರಿಸಿಕೊಂಡರು. ಹಾಡಿನ ಅರ್ಥ ಆಕೆಗೆ ತಿಳಿಯದು. ಅದು ಪಶ್ಚಿಮ ಆಫ್ರಿಕದ ಮೆಂಡೆ ಭಾಷೆಯದೆಂದು ಬಳಿಕ ಗೊತ್ತಾಯಿತು. 1990ರಲ್ಲಿ ಸಂಶೋಧಕರು ಹುಡುಕುತ್ತ ಹೋದಾಗ, ಡಾಲಿಯ ಮಗಳು ಮೇರಿ ಮೊರಾನ್ ಆ ಹಾಡನ್ನು ತಾಯಿಯಿಂದ ಕಲಿತು ನೆನಪಿಟ್ಟಿದ್ದಳು. ಅತ್ತ ಸಿಯೆರಾ ಲಿಯೋನ್ ದೇಶದ ಸೆನೆಹುನ್ ನ್ಗೋಲಾ ಎಂಬ ಹಳ್ಳಿಯಲ್ಲಿ ಬೆಂಡು ಜಬಾಟಿ ಎಂಬಾಕೆ ಅದೇ ಹಾಡನ್ನು ತನ್ನ ಅಜ್ಜಿಯಿಂದ ಕಲಿತಿದ್ದಳು. ಅಲ್ಲಿ ಅದು ಶವಸಂಸ್ಕಾರದ ಹಾಡು. ಇಲ್ಲಿ ಮಕ್ಕಳನ್ನು ಆಡಿಸುವ ಹಾಡಾಗಿ ಉಳಿದಿತ್ತು. ಅಂತರ್ಯುದ್ಧದಿಂದ ತಡವಾಗಿ, 1997ರಲ್ಲಿ, ಮೇರಿ ಮೊರಾನ್ ಆ ಹಳ್ಳಿಗೆ ಹೋಗಿ ಬೆಂಡು ಜಬಾಟಿಯನ್ನು ಕಂಡಳು. ಇನ್ನೂರಕ್ಕೂ ಮಿಕ್ಕ ವರ್ಷಗಳ ಅಗಲಿಕೆಯನ್ನು ದಾಟಿಬಂದ ಗುರುತು ಆ ಐದು ಸಾಲು.

ಹಿಂದಿರುಗುವ ದಾರಿಯುದ್ದಕ್ಕೂ ಈ ಎರಡು ಹಾಡುಗಳನ್ನು ಮನಸ್ಸು ತೂಗಿನೋಡುತ್ತಿತ್ತು. ಒಂದಕ್ಕೆ ಬರೆದವರ ಹೆಸರಿದೆ, ಕೀರ್ತಿಯಿದೆ, ಸಾವಿರಾರು ಮುದ್ರಿಕೆಗಳಿವೆ. ಅದು ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲುದು. ಇನ್ನೊಂದಕ್ಕೆ ಇದ್ದುದು ಮಗಳಿಗೆ ಹೇಳಿಕೊಡುವ ಒಬ್ಬ ತಾಯಿ ಮಾತ್ರ. ನಡುವೆ ಒಂದೇ ಒಂದು ತಲೆಮಾರು ಸುಮ್ಮನಿದ್ದುಬಿಟ್ಟಿದ್ದರೆ ಆ ಹಳ್ಳಿಯನ್ನು ಹುಡುಕುವ ದಾರಿಯೇ ಇರುತ್ತಿರಲಿಲ್ಲ. ನಮ್ಮ ಮಗಳು ಸಮ್ಮರ್‌ಟೈಮ್ ಹಾಡುವುದರಲ್ಲಿ ನಮಗೀಗ ಯಾವ ಬೇಸರವೂ ಇಲ್ಲ. ತಪ್ಪು ನಮ್ಮದು. ಅವಳು ಚಿಕ್ಕವಳಿದ್ದಾಗ ಜೋಗುಳವನ್ನು ಹಾಡಿದೆವೇ ಹೊರತು ಕಲಿಸಲಿಲ್ಲ.

ಆ ರಾತ್ರಿ ಅಟ್ಲಾಂಟಾದ ಮನೆಯಲ್ಲಿ ನಮ್ಮ ಮನೆಯವರು ಮೊಮ್ಮಗಳನ್ನು ಮಲಗಿಸುತ್ತ ಜೋಗುಳವನ್ನು ಮೊದಲಿನಿಂದ ಎತ್ತಿಕೊಂಡರು. ಯಾವ ಪುಸ್ತಕದಲ್ಲಿಯೂ ಇಲ್ಲದ, ಅವರ ಅಜ್ಜಿಯಿಂದ ಬಂದ ಹಾಡು ಅದು. ಮಗಳು ಪಕ್ಕದಲ್ಲಿ ಕುಳಿತು ಬರೆದುಕೊಳ್ಳತೊಡಗಿದಳು. ಮೂರನೆಯ ನುಡಿಗೆ ಬಂದಾಗ ಸ್ವರ ನಿಂತಿತು. ಮುಂದಿನದು ಅವರಿಗೂ ನೆನಪಿಗೆ ಬರಲಿಲ್ಲ.

ಊರಿಗೆ ಮರಳಿದ ವಾರದಲ್ಲಿಯೇ, 88 ವರ್ಷ ದಾಟಿದ ಅವರ ದೊಡ್ಡಕ್ಕನ ಬಳಿಗೆ ಹೋದೆವು. ಅವರು ಕಣ್ಣುಮುಚ್ಚಿ ಹಾಡುತ್ತ ಹಾಡುತ್ತ ಮೂರು, ನಾಲ್ಕು ಮತ್ತು ಐದನೆಯ ನುಡಿಗಳನ್ನು ಹೊರತೆಗೆದರು. ಅದನ್ನು ಧ್ವನಿಮುದ್ರಿಸಿ ಮಗಳಿಗೆ ಕಳುಹಿಸಿದ್ದೇವೆ. ನಾಲ್ಕನೆಯ ನುಡಿಯ ಎರಡು ಸಾಲುಗಳು ಮಾತ್ರ ಅವರಿಗೂ ಹೊಳೆಯಲಿಲ್ಲ. ನಮ್ಮ ಪುಸ್ತಕದಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ.

ಕಾಸರಗೋಡಿನಲ್ಲಾಗಲಿ ತಾಳವಾಡಿಯಲ್ಲಾಗಲಿ, ಸೊಲ್ಲಾಪುರ ಆದೋನಿಗಳಲ್ಲಾಗಲಿ ಈ ಪುಟಗಳನ್ನು ಓದುವ ಮನೆಗಳಲ್ಲಿ ಇಂಥ ಹಾಡುಗಳು ಇಲ್ಲದಿರವು. ಹಾಡಬಲ್ಲ ಹಿರಿಯರೂ ಇನ್ನೂ ಕೆಲವರಿದ್ದಾರು. ವಾಚಕರು ಇಂದು ಸಂಜೆಯೇ ಅವರ ಬಳಿ ಕುಳಿತು ಕೇಳಿ ಬರೆದಿಟ್ಟುಕೊಳ್ಳಬೇಕೆಂದೂ, ಮಕ್ಕಳಿಗೆ ಹಾಡುವುದರ ಜೊತೆಗೆ ಕಲಿಸಬೇಕೆಂದೂ ನಮ್ಮ ವಿನಂತಿ.